ಹೆಬ್ಬಾತುಗಳು ಮಾಡಿದ ತಪ್ಪೇನು?

ಟಾಮ್ ಹ್ಯಾಂಕ್ಸ್ ನಟಿಸಿದ ‘ಸಲ್ಲಿ’ ಸಿನಿಮಾವನ್ನು ನಮ್ಮಲ್ಲಿ ಬಹಳಷ್ಟು ಜನ ನೋಡಿರ್ತೀವಿ. 2009ರ ಜನವರಿ 15ರಂದು ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದಿಂದ ಹೊರಟ ವಿಮಾನವೊಂದು ಕೆಲವೇ ನಿಮಿಷಗಳಲ್ಲಿ ಹೆಬ್ಬಾತುಗಳ ಹಿಂಡಿಗೆ ಡಿಕ್ಕಿ ಹೊಡೀತು. ಎರಡೂ ಎಂಜಿನ್ ಕೈಕೊಟ್ಟವು. ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. ಒಳಗಿದ್ದ 155 ಜನರೂ ಬದುಕಿಕೊಂಡರು. ಸಿನಿಮಾ ಹೇಳಿದ್ದು ಪೈಲಟ್ ಕಥೆ. ಹಕ್ಕಿಗಳ ಕಥೆ ಆಮೇಲೂ ಮುಂದುವರೀತು.

ಅದೇ ವರ್ಷದ ಬೇಸಿಗೆಯಲ್ಲಿ ನ್ಯೂಯಾರ್ಕಿನ ವಿಮಾನ ನಿಲ್ದಾಣಗಳ ಸುತ್ತಮುತ್ತ ಸಾವಿರಕ್ಕೂ ಹೆಚ್ಚು ಹೆಬ್ಬಾತುಗಳನ್ನು ಹಿಡಿದು ಕೊಂದರು. ಆ ಸಮಯದಲ್ಲಿ ಅವುಗಳ ರೆಕ್ಕೆಯ ಗರಿ ಉದುರಿ ಹೊಸದು ಬರ್ತಿರುತ್ತೆ, ಹಾರೋಕಾಗಲ್ಲ. ಹಾಗಾಗಿ ಸುತ್ತುವರಿದು ಹಿಡಿಯೋದು ಸುಲಭ.

ಇಲ್ಲೊಂದು ವಿಚಿತ್ರ ಇದೆ. ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು ಎಂಜಿನ್ನಿನಲ್ಲಿ ಸಿಕ್ಕ ಗರಿಗಳ ಚೂರುಗಳನ್ನು ಪರೀಕ್ಷೆ ಮಾಡಿದ್ರು. ಗರಿ ಬೆಳೆದ ಊರಿನ ನೀರಿನ ಗುರುತು ಗರಿಯೊಳಗೇ ಉಳಿದಿರುತ್ತೆ. ಅದರ ಪ್ರಕಾರ ಆ ವಿಮಾನಕ್ಕೆ ಸಿಕ್ಕಿದ್ದು ದೂರದ ಕೆನಡಾದ ಲ್ಯಾಬ್ರಡಾರ್ ಕಡೆಯಿಂದ ವಲಸೆ ಬಂದಿದ್ದ ಹೆಬ್ಬಾತುಗಳು. ಬೇಸಿಗೆಯಲ್ಲಿ ಸತ್ತಿದ್ದು ನ್ಯೂಯಾರ್ಕಿನ ಪಾರ್ಕು, ಕೆರೆಗಳಲ್ಲೇ ವರ್ಷಪೂರ್ತಿ ಇರೋ ಸ್ಥಳೀಯ ಹೆಬ್ಬಾತುಗಳು. ಯಾರದೋ ತಪ್ಪಿಗೆ ಯಾರಿಗೋ ಶಿಕ್ಷೆ!

ಹಾಗಂತ ಥಟ್ಟನೆ ತೀರ್ಪು ಕೊಡೋದು ಸುಲಭ. ಆದರೆ ವಿಮಾನ ನಿಲ್ದಾಣದವರ ವಾದಕ್ಕೂ ತೂಕ ಇದೆ. ಅವರು ಯಾರನ್ನೂ ಶಿಕ್ಷಿಸ್ತಿಲ್ಲ, ಮುಂದಿನ ಅಪಘಾತ ತಡೀತಿದ್ದಾರೆ. ಮುಂದಿನ ಸಲ ಎಂಜಿನ್ನಿಗೆ ಸಿಗೋದು ಸ್ಥಳೀಯ ಹಕ್ಕಿಯೇ ಇರಬಹುದಲ್ಲ? ಅಪಾಯವೂ ಕಲ್ಪನೆಯಲ್ಲ. 1960ರಲ್ಲಿ ಬೋಸ್ಟನ್ನಿನಲ್ಲಿ ಮುಷ್ಟಿಗಾತ್ರದ ಸ್ಟಾರ್ಲಿಂಗ್ ಹಕ್ಕಿಗಳ ಹಿಂಡಿಗೆ ಸಿಕ್ಕ ವಿಮಾನ ಬಿದ್ದು 62 ಜನ ಸತ್ತರು. ನನ್ನ ಮನೆಯವರು ಆ ವಿಮಾನದಲ್ಲಿದ್ದಿದ್ರೆ ಹಕ್ಕಿಗಳ ಪರವಾಗಿ ಬರೆಯೋ ಧೈರ್ಯ ನನಗೆ ಬರ್ತಿರಲಿಲ್ಲ ಅನ್ಸುತ್ತೆ.

ಸರಿ, ಶಿಕ್ಷೆ ಅಲ್ಲ ಅಂತಲೇ ಒಪ್ಪೋಣ. ಆಗ ಪ್ರಶ್ನೆ ಇನ್ನೂ ಕಷ್ಟ ಆಗುತ್ತೆ. ತಪ್ಪೇ ಮಾಡದ ಜೀವವನ್ನು ನಮ್ಮ ಸುರಕ್ಷತೆಗಾಗಿ ಕೊಲ್ಲಬೇಕಾದರೆ, ಬೇರೆ ದಾರಿ ಇರಲಿಲ್ಲ ಅಂತ ತೋರಿಸೋ ಹೊಣೆ ಕೊಲ್ಲುವವರದ್ದು. ಮತ್ತೆ ಬೇರೆ ದಾರಿಗಳಂತೂ ಇವೆ: ನೀರು ನಿಲ್ಲದ ಹಾಗೆ ಚರಂಡಿ, ಹಕ್ಕಿಗೆ ಹಿಡಿಸದಷ್ಟು ಎತ್ತರದ ಹುಲ್ಲು, ಹಿಂಡನ್ನು ಮೊದಲೇ ಗುರುತಿಸೋ ರೇಡಾರ್, ಸುತ್ತಲ ಕಸದ ಸರಿಯಾದ ವಿಲೇವಾರಿ. ಇವು ನಿಧಾನ, ದುಡ್ಡಿನ ಬಾಬ್ತು, ಪ್ರತಿದಿನದ ಕೆಲಸ. ಕೊಲ್ಲೋದು ಒಂದೇ ದಿನದ ಕೆಲಸ. ಆದರೆ ಜಾಗ, ಆಹಾರ, ನೀರು ಹಾಗೇ ಇದ್ದರೆ ಖಾಲಿಯಾದ ಜಾಗಕ್ಕೆ ಬೇರೆ ಹಕ್ಕಿ ಬರುತ್ತೆ.

ಮನಸ್ಸು ಮಾಡಿದರೆ ದಾರಿ ಎಷ್ಟು ಬೇಗ ಸಿಗುತ್ತೆ ಅನ್ನೋದಕ್ಕೂ ನ್ಯೂಯಾರ್ಕೇ ಸಾಕ್ಷಿ. 2013ರ ಡಿಸೆಂಬರಿನಲ್ಲಿ ಅಲ್ಲಿನ ಜೆಎಫ್‌ಕೆ ನಿಲ್ದಾಣದಲ್ಲಿ ಮೂರು ಹಿಮಗೂಬೆಗಳನ್ನು ಗುಂಡಿಟ್ಟು ಕೊಂದರು. ಜನ ಸಿಟ್ಟಿಗೆದ್ದರು. ಕೆಲವೇ ದಿನಗಳಲ್ಲಿ ಅಧಿಕಾರಿಗಳು, ಇನ್ಮೇಲೆ ಗೂಬೆಗಳನ್ನು ಹಿಡಿದು ಬೇರೆ ಕಡೆ ಬಿಡ್ತೀವಿ ಅಂದರು. ಬೋಸ್ಟನ್ ನಿಲ್ದಾಣದಲ್ಲಿ ದಶಕಗಳಿಂದ ಹಾಗೇ ಮಾಡ್ತಿದ್ದರು. ಅಂದರೆ ದಾರಿ ಮೊದಲೂ ಇತ್ತು, ಕೇಳುವವರು ಇರಲಿಲ್ಲ. ಹಿಮಗೂಬೆ ಬೆಳ್ಳಗೆ, ಅಪರೂಪಕ್ಕೆ, ಚಂದ ಇದೆ. ಹೆಬ್ಬಾತು ಪಾರ್ಕಿನ ಹುಲ್ಲೆಲ್ಲ ಗಲೀಜು ಮಾಡುತ್ತೆ. ಗರುಡ ಕಂಡರೆ ಕೈಮುಗಿದು ಹದ್ದು ಕಂಡರೆ ‘ಶೂ’ ಅನ್ನೋ ನಮಗೆ ಇದು ಅರ್ಥವಾಗದ ಮಾತೇನಲ್ಲ.

ಹದ್ದು ಅಂದಮೇಲೆ ಬೆಂಗಳೂರಿಗೇ ಬರೋಣ. ನಮ್ಮ ದೇಶದ 1937ರ ವಿಮಾನ ನಿಯಮಗಳಲ್ಲಿ 91ನೆಯದು, ವಿಮಾನ ನಿಲ್ದಾಣದ 10 ಕಿಲೋಮೀಟರ್ ಸುತ್ತ ಪ್ರಾಣಿ ಕಡಿಯೋದನ್ನೂ ಹಕ್ಕಿಗಳನ್ನು ಸೆಳೆಯೋ ಥರ ಕಸ ಸುರಿಯೋದನ್ನೂ ನಿಷೇಧಿಸಿತ್ತು. ನನಗೆ ಇದರಲ್ಲಿ ಇಷ್ಟವಾಗೋದು ಏನಂದ್ರೆ, ನಿಯಮ ಹಕ್ಕಿಗೆ ಏನೂ ಹೇಳಲ್ಲ. ಮನುಷ್ಯನಿಗೆ ಹೇಳುತ್ತೆ: ಕರೆಯೋದು ನೀನು, ಮೊದಲು ಕರೆಯೋದು ನಿಲ್ಲಿಸು.

ಆದರೆ ಆ ಮಾತನ್ನು ಯಾವ ಮನುಷ್ಯನಿಗೆ ಹೇಳ್ತೀವಿ? ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ಸುತ್ತಲಿನ ಮಾಂಸದಂಗಡಿಗಳನ್ನು ಮುಚ್ಚಿಸ್ತಾರೆ. 2023ರಲ್ಲಿ ಪ್ರದರ್ಶನ ಇದ್ದದ್ದು ಐದು ದಿನ, ಅಂಗಡಿ ಮುಚ್ಚಿದ್ದು ಜನವರಿ 30ರಿಂದ ಫೆಬ್ರವರಿ 20ರವರೆಗೆ. ಪೈಲಟ್‌ಗಳ ಜೀವದ ಪ್ರಶ್ನೆ, ಬೇಡ ಅನ್ನೋಕಾಗಲ್ಲ. ಆದರೆ ಮೂರು ವಾರ ದುಡಿಮೆ ಬಿಟ್ಟವನಿಗೆ ಆ ವಿಮಾನ ನೋಡೋ ಟಿಕೆಟ್ ಕೂಡ ಸಿಗಲ್ಲ. ಯಲಹಂಕಕ್ಕೆ ಹತ್ತಿರದ ಮಾವಳ್ಳಿಪುರದಲ್ಲಿ ನಗರದ ಕಸ ವರ್ಷಗಟ್ಟಲೆ ಬಂದು ಬಿತ್ತು. ಅದು ನಮ್ಮೆಲ್ಲರ ಅಡುಗೆಮನೆಯಿಂದ ಹೋದದ್ದು. ಅದಕ್ಕಾಗಿ ನಾವ್ಯಾರೂ ಒಂದು ದಿನವೂ ಏನನ್ನೂ ಮುಚ್ಚಲಿಲ್ಲ.

ಹಾಗಾಗಿ ‘ಹಕ್ಕಿ ಮುಖ್ಯವೋ ಮನುಷ್ಯ ಮುಖ್ಯವೋ’ ಅನ್ನೋದು ನನ್ನ ಪ್ರಕಾರ ನಮ್ಮನ್ನು ನಾವೇ ಬಚಾವು ಮಾಡಿಕೊಳ್ಳೋ ಪ್ರಶ್ನೆ. ಅದಕ್ಕೆ ಎಲ್ಲರ ಉತ್ತರವೂ ಒಂದೇ, ಮನುಷ್ಯ. ಕೇಳಬೇಕಾದ್ದು ಬೇರೆ: ಹಾರೋದು ನಾನು, ಬೆಲೆ ಕೊಡೋದು ಯಾರು? ಸದ್ಯಕ್ಕೆ ಹೆಬ್ಬಾತು, ಹದ್ದು, ಮಾಂಸದಂಗಡಿಯವನು. ಯಾರು ಎದುರು ಮಾತಾಡಲ್ಲವೋ ಅವರು.

ಕೆಲವೊಮ್ಮೆ ಕೊಲ್ಲಲೇಬೇಕಾಗಬಹುದು, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಅದು ಸಾಲಿನ ಕೊನೆಯಲ್ಲಿ ಬರಲಿ. ಮೊದಲು ಬರಬೇಕಾದ್ದು, ಬೆಳಗ್ಗೆ ಆರರ ಫ್ಲೈಟಿನ ಆತುರದಲ್ಲಿ ನಾವು ಹಾಗೇ ಕವರಿಗೆ ತುರುಕಿ ಗೇಟಿನ ಹೊರಗೆ ಎಸೆಯೋ ಅರ್ಧ ಬಿರಿಯಾನಿ. ಹದ್ದಿಗೆ ಫ್ಲೈಟಿನ ಟೈಮ್ ಗೊತ್ತಿಲ್ಲ. ನಮಗೆ ಗೊತ್ತು.