ಇಂದಿನ ಧಮ್ಮ ಚಿಂತನೆ: ದೀಪವೋ, ದ್ವೀಪವೋ?

 

ಭಗವಾನ್ ಬುದ್ಧರು ಕೊನೆಯ ಮಳೆಗಾಲವನ್ನು ವೈಶಾಲಿ ಬಳಿಯ ಬೇಲುವ ಗ್ರಾಮದಲ್ಲಿ ಕಳೆದರು. ಕಾಯಿಲೆಯಿಂದ ಚೇತರಿಸಿಕೊಂಡ ಅವರು ಆನಂದರಿಗೆ ಹೇಳಿದ್ದನ್ನೇ ನಾವು, ನಮಗೆ ನಾವೇ ದೀಪವಾಗಬೇಕು ಎಂದು ಗೋಡೆಯ ಮೇಲೆ ಬರೆಸಿಕೊಂಡಿರುವುದು. ಆದರೆ ಪಾಳಿಯ 'ದೀಪ' ಎಂಬ ಪದಕ್ಕೆ ಎರಡು ಅರ್ಥ. ಸಂಸ್ಕೃತದ 'ದ್ವೀಪ' ಕೂಡ ಪಾಳಿಯಲ್ಲಿ 'ದೀಪ'ವೇ. ಕಾಮ, ಭವ, ದಿಟ್ಠಿ, ಅವಿಜ್ಜಾ ಎಂಬ ನಾಲ್ಕನ್ನು ಓಘ, ಅಂದರೆ ಪ್ರವಾಹ ಎಂದು ಕರೆದ ಧಮ್ಮದಲ್ಲಿ ದ್ವೀಪವೆಂಬ ಅರ್ಥವೇ ನನಗೆ ಹೆಚ್ಚು ಒಪ್ಪುತ್ತದೆ.

ಕೃಷ್ಣಾ ನದಿಯ ನಾಗಾರ್ಜುನಕೊಂಡ ಅಂಥದೊಂದು ದ್ವೀಪ. ಮೊದಲು ಅದು ಕಣಿವೆಯಲ್ಲಿದ್ದ ಬೆಟ್ಟ. ನಾಗಾರ್ಜುನಸಾಗರದ ನೀರಿನಲ್ಲಿ ಕಣಿವೆ ಮುಳುಗುತ್ತದೆಂದು 1954ರಿಂದ 1960ರವರೆಗೆ ಅಲ್ಲಿ ಉತ್ಖನನ ನಡೆಯಿತು. ಆಯ್ದ ಕೆಲವು ಕಟ್ಟಡಗಳನ್ನು ಕಲ್ಲು, ಇಟ್ಟಿಗೆ ಬಿಚ್ಚಿ ತಂದು ಬೆಟ್ಟದ ಮೇಲೆ ಮತ್ತೆ ಕಟ್ಟಿದರು. ಈಗ ಅಲ್ಲಿಗೆ ಲಾಂಚಿನಲ್ಲೇ ಹೋಗಬೇಕು.

ನಾವು ಹೋದಾಗ ಲಾಂಚಿನವರು ಕಟ್ಟೆಗೆ ಹಗ್ಗ ಬಿಗಿದು ಎಂಜಿನ್ ನಿಲ್ಲಿಸಿದರು. ಒಮ್ಮೆಲೇ ಎಷ್ಟು ಮೌನ! ಕೆಲವರು ಇಳಿಯಲೇ ಇಲ್ಲ. ಬಿಸಿಲೆಂದು ನೆರಳಲ್ಲೇ ಕೂತು ಕಡಲೆಕಾಯಿ ತಿಂದರು. ಟಿಕೆಟ್ ಮಾತ್ರ ಎಲ್ಲರದೂ ಒಂದೇ. 22 ಪ್ರತಿಜ್ಞೆಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಸುಮ್ಮನಿರುವ ನಮ್ಮ ಕೆಲವು ಮನೆಗಳು ನೆನಪಾದವು.

ಇಳಿದು ನಡೆದವರಿಗೆ ಸ್ತೂಪದ ತಳಪಾಯಗಳು ಸಿಗುತ್ತವೆ, ಮ್ಯೂಸಿಯಂ ಸಿಗುತ್ತದೆ. ಆ ಕಣಿವೆಯ ಶಾಸನಗಳನ್ನು ತಿಳಿದು ನೋಡಿದರೆ ಹೆಂಗಸರೂ ಸಿಗುತ್ತಾರೆ. ಇಕ್ಷ್ವಾಕು ರಾಜ ಚಾಂತಮೂಲ ಅಶ್ವಮೇಧ ಮಾಡಿದವನು. ಅವನ ತಂಗಿ ಚಾಂತಸಿರಿಯೇ ಮಹಾಚೈತ್ಯಕ್ಕೆ ದಾನ ಕೊಟ್ಟವಳು. ಒಂದೇ ಮನೆ: ಅಣ್ಣನಿಗೆ ಯಜ್ಞ, ತಂಗಿಗೆ ಬುದ್ಧ.

ಇದನ್ನು ಹೇಳಲು ಕಾರಣವಿದೆ. ಕಳೆದ ಭಾನುವಾರ ನಮ್ಮ ಬಳಗದ ಅಕ್ಕ ಒಬ್ಬರು ಕೇಳಿದ್ದರು: "ಮೇಷ್ಟ್ರೇ, ಮನೇಲಿ ದೀಕ್ಷೆ ತಗೊಂಡಿರೋಳು ನಾನೊಬ್ಬಳೇ. ಮಾರಿಹಬ್ಬ ಬಂತೂಂದ್ರೆ ಅವರೆಲ್ಲ ಒಂದು ಕಡೆ, ನಾನು ಒಂದು ಕಡೆ. ಹೇಗೆ ನಿಲ್ಲಲಿ?"

ಚಾಂತಸಿರಿ ರಾಜಮನೆತನದವಳು, ಕೈಯಲ್ಲಿ ಹಣವಿತ್ತು, ನಮಗೂ ಅವಳಿಗೂ ಎಲ್ಲಿಯ ಹೋಲಿಕೆ ಎಂದು ನೀವು ಕೇಳಬಹುದು. ನ್ಯಾಯವೇ. ಹಾಗಾದರೆ ಬೋಧಿಸಿರಿಯನ್ನು ನೋಡಿ. ಅವಳು ರಾಣಿಯಲ್ಲ, ಗೃಹಸ್ಥರ ಮನೆಯ ಉಪಾಸಿಕೆ. ಅವಳ ದಾನಶಾಸನದಲ್ಲಿ ಗಂಡನ ಹೆಸರಿದೆ, ಹೆತ್ತವರಿದ್ದಾರೆ, ಬಂಧುಗಳಿದ್ದಾರೆ. ಪುಣ್ಯದಲ್ಲಿ ಎಲ್ಲರಿಗೂ ಪಾಲು. ಅದೇ ಶಾಸನದಲ್ಲಿ ಥೇರರು ಧಮ್ಮ ಮುಟ್ಟಿಸಿದ ನಾಡುಗಳ ಪಟ್ಟಿಯೂ ಇದೆ. ಕಾಶ್ಮೀರ, ಗಾಂಧಾರ, ಚೀನಾಗಳ ಜೊತೆಗೆ ವನವಾಸಿ, ಅಂದರೆ ನಮ್ಮ ಬನವಾಸಿ!

ಅಕ್ಕಾ, ಹಬ್ಬದ ದಿನ ನೀವು ಕೈ ಮುಗಿಯಬೇಕಿಲ್ಲ, ಜಗಳವನ್ನೂ ಆಡಬೇಕಿಲ್ಲ. ಈ ಭಾನುವಾರ ಬರುವಾಗ ಅತ್ತೆಯವರನ್ನೂ ಕರೆತನ್ನಿ. ಅವರು ವಂದನೆ ಹೇಳಲೇಬೇಕೆಂದಿಲ್ಲ, ನಮ್ಮ ಜೊತೆ ಕೂತು ಚಹಾ ಕುಡಿದು ಹೋಗಲಿ.

ಭವತು ಸಬ್ಬ ಮಂಗಲಂ.