ಬೇಕು, ಬೇಡ, ಸಾಕು

ಪಾಸಿರ್ ರಿಸ್ ನಿಲ್ದಾಣದಲ್ಲಿ ರೈಲಿಳಿದು ಹೊರಬಂದರೆ ಪಕ್ಕದಲ್ಲೇ ವೈಟ್ ಸ್ಯಾಂಡ್ಸ್ ಮಳಿಗೆಗಳು. ಕೈಹಿಡಿದು ಬರುವ ಪುಟ್ಟ ಮಗುವಿನ ಬಾಯಲ್ಲಿ ಆಗ ಒಂದೇ ಮಾತು: “ಅಮ್ಮಾ, ನಂಗೆ ಅದು ಬೇಕು!” ಬಾಯಾರಿದಾಗ “ನೀರು ಬೇಕು” ಎನ್ನುವುದೂ ಅದೇ ಮಗು. ಅಗತ್ಯ, ಬಯಕೆ ಎಂಬ ಬೇರೆ ಬೇರೆ ಪದಗಳು ಕನ್ನಡದಲ್ಲಿದ್ದರೂ ದಿನನಿತ್ಯದ ಮಾತಿನಲ್ಲಿ ಎರಡಕ್ಕೂ ‘ಬೇಕು’ ಒಂದೇ. ಹಾಗಾಗಿ ಇವೆರಡರ ವ್ಯತ್ಯಾಸವನ್ನು ತಿಳಿಸಿಕೊಡುವ ಹೊಣೆ ಹಿರಿಯರಾದ ನಮ್ಮ ಮೇಲಿದೆ.

ಅನ್ನ, ಬಟ್ಟೆ, ಸೂರು, ಔಷಧ ಅಗತ್ಯ. ಉಳಿದದ್ದೆಲ್ಲ ಆಸೆ ಎಂದುಬಿಡುವುದು ಸುಲಭ. ಆದರೆ ಶಾಲೆಗೆ ಹೋಗಲು ಶೂ ಅಗತ್ಯ, ದೀಪ ಮಿನುಗುವ ಶೂ ಆಸೆ. ಆಟವೋ? ಅದು ಮಗುವಿಗೆ ಊಟದಷ್ಟೇ ಅಗತ್ಯ. ಆದರೆ ಅದಕ್ಕೆ ಪ್ರತಿವಾರ ಹೊಸ ಆಟಿಕೆಯೇ ಆಗಬೇಕೆಂದಿಲ್ಲ. ಪಾಸಿರ್ ರಿಸ್ ಪಾರ್ಕಿನ ಕಡಲತೀರದ ಮರಳಿನಲ್ಲಿ ಮನೆ ಕಟ್ಟಲು ಒಂದು ಸೆಂಟೂ ಬೇಕಾಗುವುದಿಲ್ಲ! ಹಾಗೆಂದು ಆಸೆಪಡುವುದೇ ತಪ್ಪೆಂದು ಮಗುವಿಗೆ ಅನಿಸಬಾರದು. ಹಬ್ಬದ ಹೊಸ ಅಂಗಿಯೂ ಒಂದು ಆಸೆಯೇ. ಅಗತ್ಯ ಕಾಯಲಾರದು, ಆಸೆ ಕಾಯಬಲ್ಲದು ಎಂಬಷ್ಟು ತಿಳಿದರೆ ಆ ವಯಸ್ಸಿಗೆ ಸಾಕು.

ಕಾಯುವುದನ್ನು ಕಲಿಸುವುದು ಹೇಗೆ? ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 28 ಪುಟ್ಟ ಮಕ್ಕಳೊಡನೆ ನಡೆಸಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಮೊದಲು ಒಳ್ಳೆಯ ಬಣ್ಣದ ಸಾಮಗ್ರಿ ತರುತ್ತೇವೆಂದು ಮಾತು ಕೊಟ್ಟರು. ಅರ್ಧದಷ್ಟು ಮಕ್ಕಳಿಗೆ ತಂದುಕೊಟ್ಟರು, ಉಳಿದವರಿಗೆ ಬರಿಗೈಯಲ್ಲಿ ಬಂದು “ಇಲ್ಲ” ಎಂದರು. ನಂತರ ಒಂದು ಸಿಹಿ ತಿನಿಸನ್ನು ಮುಂದಿಟ್ಟು, ಈಗಲೇ ತಿನ್ನದೆ ಕಾದರೆ ಇನ್ನೊಂದು ಸಿಗುತ್ತದೆ ಎಂದರು. ಮಾತು ಉಳಿಸಿಕೊಂಡವರನ್ನು ನಂಬಿದ ಮಕ್ಕಳು ಸರಾಸರಿ 12 ನಿಮಿಷ ಕಾದರೆ, ನಿರಾಶೆಗೊಂಡಿದ್ದ ಮಕ್ಕಳು ಕಾದದ್ದು ಸುಮಾರು 3 ನಿಮಿಷ ಮಾತ್ರ. ಅಂದರೆ ಮಗುವಿನ ತಾಳ್ಮೆಯಲ್ಲಿ ದೊಡ್ಡವರ ಮಾತಿನ ಪಾಲೂ ಇದೆ. “ಹುಟ್ಟುಹಬ್ಬಕ್ಕೆ ಕೊಡಿಸೋಣ” ಎಂದು ಹೇಳಿದರೆ ಅಂದು ಕೊಡಿಸಲೇಬೇಕು. ಕೊಡಿಸುವ ಮನಸ್ಸಿಲ್ಲದಿದ್ದರೆ “ಬೇಡ” ಎಂದು ಇಂದೇ ಹೇಳುವುದು ಲೇಸು.

ದುಡ್ಡು ಕಣ್ಣಿಗೆ ಕಾಣದಿರುವುದು ಈ ಊರಿನ ಇನ್ನೊಂದು ಕಷ್ಟ. ಪಿಒಎಸ್‌ಬಿ ಬ್ಯಾಂಕು 2017ರಲ್ಲಿ ಆರಂಭಿಸಿದ ‘ಸ್ಮಾರ್ಟ್ ಬಡ್ಡಿ’ ಯೋಜನೆಯಲ್ಲಿ ಶಾಲಾಮಕ್ಕಳು ಕೈಗಡಿಯಾರವನ್ನು ತಾಗಿಸಿಯೇ ಕ್ಯಾಂಟೀನಿನಲ್ಲಿ ಹಣ ಕೊಡಬಹುದು. ಅನುಕೂಲವೇನೋ ನಿಜ. ಆದರೆ ನಾಣ್ಯ ಕೈಬಿಟ್ಟು ಹೋಗುವುದನ್ನು ನೋಡದ ಮಗುವಿಗೆ, ಒಂದನ್ನು ಕೊಂಡರೆ ಇನ್ನೊಂದಕ್ಕೆ ಉಳಿಯದು ಎಂಬುದು ತಿಳಿಯುವುದು ತಡ. ಮನೆಯಲ್ಲೊಂದು ಡಬ್ಬಿ, ಅದರಲ್ಲಿ ಎಣಿಸಲು ಒಂದಿಷ್ಟು ನಾಣ್ಯ ಇರಲಿ.

ಇಷ್ಟೆಲ್ಲ ಕಲಿಸಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಯಾರ ಅಗತ್ಯ? ಯಾರ ಆಸೆ? ನಮ್ಮ ಎಷ್ಟೋ ಮನೆಗಳಲ್ಲಿ ಪರದೇಶದಿಂದ ಬಂದ ಸಹಾಯಕಿಯರಿದ್ದಾರೆ. ತಮ್ಮ ಮಕ್ಕಳನ್ನು ಊರಿನಲ್ಲಿ ಬಿಟ್ಟು ನಮ್ಮ ಮಕ್ಕಳಿಗೆ ಉಣಿಸುವ ತಾಯಂದಿರೂ ಅವರಲ್ಲಿದ್ದಾರೆ. 2013ರ ನಿಯಮ ಅವರಿಗೆ ವಾರದ ರಜೆ ಕೊಟ್ಟಿತಾದರೂ, ಅವರು ಒಪ್ಪಿದರೆ ರಜೆಯ ಬದಲು ಹಣ ಕೊಡಲು ಅವಕಾಶವಿತ್ತು. 2023ರ ಜನವರಿ 1ರಿಂದ ತಿಂಗಳಿಗೆ ಒಂದು ದಿನವನ್ನಾದರೂ ಹಣಕ್ಕೆ ಬದಲಾಯಿಸುವಂತಿಲ್ಲ. ನಾವು ಭಾನುವಾರ ಹೊರಗೆ ಸುತ್ತುವುದು ಆಸೆ; ಆಕೆ ಒಂದು ದಿನ ದಣಿವಾರಿಸಿಕೊಂಡು ತನ್ನ ಮಗುವಿನೊಡನೆ ಫೋನಿನಲ್ಲಿ ನೆಮ್ಮದಿಯಾಗಿ ಮಾತನಾಡುವುದು ಅಗತ್ಯ. ಎರಡರಲ್ಲಿ ಯಾವುದಕ್ಕೆ ದಾರಿ ಬಿಡುತ್ತೇವೆ ಎಂಬುದನ್ನು ಮಗು ಗಮನಿಸುತ್ತಲೇ ಇರುತ್ತದೆ. ಅಂಗಡಿಯ ಮುಂದೆ ನಾವು ಹೇಳುವ ನೂರು ಬುದ್ಧಿಮಾತಿಗಿಂತ ಈ ಪಾಠ ದೊಡ್ಡದು.

ಇಂಗ್ಲಿಷಿನಲ್ಲಿ ‘ನೀಡ್’, ‘ವಾಂಟ್’ ಎಂಬ ಎರಡು ಪದಗಳಿರಬಹುದು. ನಮ್ಮಲ್ಲಿ ‘ಬೇಕು’ ಎಂಬುದರ ಜೊತೆಗೇ ‘ಸಾಕು’ ಎಂಬ ಸೊಗಸಾದ ಪದವಿದೆ. ಹಬ್ಬದೂಟದಲ್ಲಿ ಬಡಿಸುವವರು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುವ ಮಾತದು. ಪಾಯಸ ರುಚಿಸದೆ ಹೇಳುವುದಲ್ಲ. ಹೊಟ್ಟೆ ತುಂಬಿದೆ, ಮುಂದಿನ ಪಂಕ್ತಿಯವರು ಕಾಯುತ್ತಿದ್ದಾರೆ ಎಂದು ಹೇಳುವುದು. ಈ ಒಂದು ಪದವನ್ನು ಮಕ್ಕಳ ನಾಲಗೆಗೆ ಹತ್ತಿಸೋಣ. ಅದಕ್ಕೆ ಮೊದಲು ಅವರ ಕಿವಿಗೆ ಬೀಳುವಂತೆ ನಾವೇ ಆಗಾಗ ಆಡೋಣ.