ಗಿರಾಕಿಯ ಸಾಕ್ಷ್ಯವೂ ಸತ್ಯಾಣುವ್ರತವೂ

ಧಾರವಾಡದ ಪೇಢೆಯ ಹೆಸರು ದೂರದೂರಿಗೆ ಹಬ್ಬಿದ್ದು ತಿಂದವರ ಬಾಯಿಂದ. ಲೈನ್ ಬಜಾರಿನಲ್ಲಿ ಕಟ್ಟಿಸಿಕೊಂಡು ಹೋದವನು ತನ್ನ ಊರಲ್ಲಿ ಹಂಚಿದನು, ತಿಂದವರು ಮತ್ತೊಬ್ಬರಿಗೆ ಹೇಳಿದರು. ಇಂದು ಆ ಬಾಯಿಮಾತು ಬರಹವಾಗಿದೆ. ಹುಬ್ಬಳ್ಳಿಯ ದುರ್ಗದಬೈಲಿಗೆ ಬರುವ ಪರಸ್ಥಳದವನು ಮೊದಲು ಗೂಗಲ್ಲಿನಲ್ಲಿ ಅಂಗಡಿಗೆ ಎಷ್ಟು ನಕ್ಷತ್ರಗಳಿವೆಯೆಂದು ನೋಡುತ್ತಾನೆ. ಆದುದರಿಂದ 'ನಾಲ್ಕು ಒಳ್ಳೆಯ ಮಾತು ಬರೆಯಿರಿ' ಎಂದು ವ್ಯಾಪಾರಸ್ಥರು ಗಿರಾಕಿಗಳನ್ನು ಕೇಳುವುದು ರೂಢಿಯಾಗಿದೆ. ಅಣುವ್ರತವನ್ನು ಸ್ವೀಕರಿಸಿದ ಶ್ರಾವಕನು ಹೀಗೆ ಕೇಳಬಹುದೇ?

ಕೇಳುವುದೇ ದೋಷವೆಂದು ನಾನು ಹೇಳಲಾರೆ. ಆದರೆ ಹಣ, ಸೂಟು, ಕಾಣಿಕೆ ಕೊಟ್ಟು ಹೊಗಳಿಕೆ ಬರೆಯಿಸುವುದು, ಮಾಲನ್ನು ಮುಟ್ಟಿಯೂ ನೋಡದ ನೆಂಟರಿಂದ ಬರೆಯಿಸುವುದು, ಇವುಗಳ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದೆ. 'ನಾನು ಬರೆಯಲಿಲ್ಲವಲ್ಲ' ಎಂಬ ಸಮಾಧಾನವೂ ಸಲ್ಲದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸ್ಥೂಲ ಅಸತ್ಯವನ್ನು ತಾನು ನುಡಿಯದಿರುವುದರೊಡನೆ ಪರರಿಂದ ನುಡಿಸದಿರುವುದನ್ನೂ ವ್ರತದ ಲಕ್ಷಣದಲ್ಲಿಯೇ ಸೇರಿಸಿದ್ದಾರೆ. ೨೦೨೨ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಹೊರತಂದ ಐ.ಎಸ್. ೧೯೦೦೦ ಎಂಬ ಮಾನಕವೂ ಕೊಂಡುತಂದ ವಿಮರ್ಶೆಗಳನ್ನು ಪ್ರಕಟಿಸಬಾರದೆನ್ನುತ್ತದೆ.

ಸೂಕ್ಷ್ಮವಾದದ್ದು ಬೇರೆಯೇ ಇದೆ. ಅಂಗಡಿಯವನು ಮೊದಲು 'ಸಮಾಧಾನವಾಯಿತೇ?' ಎಂದು ವಾಟ್ಸಾಪಿನಲ್ಲಿ ವಿಚಾರಿಸುತ್ತಾನೆ. ಹೌದೆಂದವನಿಗೆ ಬಹಿರಂಗವಾಗಿ ಬರೆಯುವ ದಾರಿ ತೋರಿಸುತ್ತಾನೆ. ಇಲ್ಲವೆಂದವನಿಗೆ 'ದೂರನ್ನು ನಮಗೇ ತಿಳಿಸಿರಿ' ಎಂದು ಒಳಗೇ ಮುಗಿಸುತ್ತಾನೆ. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ. ಒಂದೊಂದು ಮಾತೂ ನಿಜ, ಆದರೆ ಎಲ್ಲವನ್ನೂ ಕೂಡಿಸಿ ಓದಿದವನು ಮೋಸಹೋಗುತ್ತಾನೆ. ವಸ್ತುವಿನ ಒಂದು ಮುಖವನ್ನೇ ಪೂರ್ಣವೆಂದು ತೋರಿಸುವುದು ಏಕಾಂತವೆಂದು ಮಕ್ಕಳಿಗೆ ಪಾಠಶಾಲೆಯಲ್ಲಿ ಹೇಳಿಕೊಡುವ ನಾವು, ಗಲ್ಲೆಯ ಮೇಲೆ ಕುಳಿತಾಗ ಅದನ್ನು ಜಾಣತನವೆಂದು ಕರೆಯುತ್ತೇವೆ.

ದಾಕ್ಷಿಣ್ಯದ ಮಾತೂ ಇದೆ. ನಮ್ಮ ಕಡೆ ಪರಿಚಯದ ಅಂಗಡಿಯವನು ಎದುರಿಗೆ ನಿಂತು ಫೋನು ಮುಂದೆ ಹಿಡಿದರೆ ಒಲ್ಲೆನೆನ್ನುವ ಧೈರ್ಯ ಎಷ್ಟು ಜನಕ್ಕಿದೆ? ಅಂಥ ಐದು ನಕ್ಷತ್ರಗಳು ಮಾಲಿಗೆ ಬಂದವಲ್ಲ, ಮುಖಕ್ಕೆ ಬಂದವು.

'ಎದುರಿನ ಅಂಗಡಿಯವನು ಕೊಳ್ಳುತ್ತಾನೆ; ನಾವು ಸುಮ್ಮನಿದ್ದರೆ ಮುಳುಗುತ್ತೇವೆ' ಎಂದು ತರುಣರು ಹೇಳುತ್ತಾರೆ. ಅವರ ಸಂಕಟ ಹುಸಿಯಲ್ಲ. ಹೊಸ ಅಂಗಡಿಯ ಬಾಡಿಗೆ, ಸಾಲದ ಬಡ್ಡಿ ಯಾರಿಗೂ ಕಾಯುವುದಿಲ್ಲ. ಅವರು ಕೇಳಲಿ, ಆದರೆ ಎಲ್ಲರನ್ನೂ ಒಂದೇ ಮಾತಿನಲ್ಲಿ ಕೇಳಲಿ. ಬಿಲ್ಲಿನ ಕೆಳಗೆ 'ಬಳಸಿ ನೋಡಿದ ಮೇಲೆ ಕಂಡದ್ದನ್ನು ಬರೆಯಿರಿ' ಎಂದು ಅಚ್ಚು ಹಾಕಿಸಿದರೆ ಸಾಕು. ನಕ್ಷತ್ರಗಳ ಸಂಖ್ಯೆಯನ್ನು ಸೂಚಿಸಬಾರದು, ಪ್ರತಿಫಲ ಕೊಡಬಾರದು, ಕಟುವಾಗಿ ಬರೆದವನಿಗೆ ಅಳಿಸಿಹಾಕೆಂದು ಗಂಟು ಬೀಳಬಾರದು. ಇದರಿಂದ ಗಿರಾಕಿ ಕಡಿಮೆಯಾಗಲಾರದೆಂದು ನಾನು ಭರವಸೆ ಕೊಡುವುದಿಲ್ಲ. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದವನಿಗೆ ಹಸಿವೆಯಾಗುವುದಿಲ್ಲವೆಂದು ಯಾರೂ ಹೇಳಿಲ್ಲವಷ್ಟೆ.

ಒಂದು ಸಂದೇಹ ಉಳಿಯುತ್ತದೆ. ಮನೆಗೆ ಸಾಮಾನು ತರುವ ಹುಡುಗ 'ಅಜ್ಜಾರ, ಐದು ಸ್ಟಾರ್ ಒತ್ತರಿ, ಇಲ್ಲಾಂದ್ರ ನನಗ ತ್ರಾಸ ಆಗ್ತದ' ಎಂದು ಅಂಗಲಾಚಿದರೆ? ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ನುಡಿಯಬಾರದೆಂದು ಸಮಂತಭದ್ರರು ಅದೇ ಶ್ಲೋಕದಲ್ಲಿ ಹೇಳಿದ್ದಾರೆ. ಹಾಗೆಂದು ಕರುಣೆಗಾಗಿ ಸುಳ್ಳನ್ನು ಒತ್ತುವುದೂ ನನಗೆ ಒಪ್ಪಿಗೆಯಲ್ಲ. ಅವನು ಸರಿಯಾಗಿ ತಂದಿದ್ದರೆ ಐದನ್ನೂ ಒತ್ತುತ್ತೇನೆ. ತಡವಾಗಿದ್ದರೆ ಏನನ್ನೂ ಒತ್ತದೆ ಫೋನನ್ನು ಕೆಳಗಿಟ್ಟು, ಅವನಿಗೆ ಕುಡಿಯಲು ನೀರು ಕೊಡುತ್ತೇನೆ.